ಸಂಪಾದಕರು ತೀರಿಕೊಂಡ ಮೇಲೆ: ನಿಂತ ಪತ್ರಿಕೆಯನ್ನು ಮತ್ತೆ ಹೊರತರುವ ಬಗೆ

ಸಂಘ ಸಂಸ್ಥೆಗಳ ಸಣ್ಣ ಪತ್ರಿಕೆಯಲ್ಲಿ ಲೇಖನ ತರಿಸುವುದು, ಕರಡು ತಿದ್ದುವುದು, ಮುದ್ರಣಾಲಯಕ್ಕೆ ಓಡಾಡುವುದು, ವಿಳಾಸ ಅಂಟಿಸಿ ಅಂಚೆಗೆ ಹಾಕುವುದು, ಚಂದಾ ವಸೂಲಿ ಮಾಡುವುದು ಎಲ್ಲವೂ ಸಾಮಾನ್ಯವಾಗಿ ಒಬ್ಬರ ಕೈಯಲ್ಲೇ ಇರುತ್ತದೆ. ಆ ಒಬ್ಬರು ತೀರಿಕೊಂಡರೆ ಪತ್ರಿಕೆ ಮರುತಿಂಗಳೇ ನಿಲ್ಲುತ್ತದೆ. ಹಾಗೆ ನಿಂತದ್ದನ್ನು ಮತ್ತೆ ಹೊರತರಲು ಹೊರಟವರು ಮೊದಲು ಹುಡುಕುವುದು ಹೊಸ ಸಂಪಾದಕರನ್ನು. ಹುಡುಕಬೇಕಾದದ್ದು ಓದುಗರನ್ನು.

ಇದಕ್ಕೆ ಕೋಲಾರ ಚಿನ್ನದ ಗಣಿ (ಕೆಜಿಎಫ್) ಪ್ರದೇಶದಲ್ಲೇ ಒಂದು ದೊಡ್ಡ ನಿದರ್ಶನವಿದೆ. ಅಯೋತಿದಾಸ ಪಂಡಿತರು 1907ರಲ್ಲಿ ಮದರಾಸಿನ ರಾಯಪೇಟೆಯಿಂದ ‘ಒರು ಪೈಸಾ ತಮಿಳನ್’ ಎಂಬ ವಾರಪತ್ರಿಕೆ ಆರಂಭಿಸಿದರು. ಮರುವರ್ಷ ಅದರ ಹೆಸರು ‘ತಮಿಳನ್’ ಎಂದಷ್ಟೇ ಆಯಿತು. 1914ರ ಮೇ ತಿಂಗಳಲ್ಲಿ ಪಂಡಿತರು ತೀರಿಕೊಂಡರು. ಮಗ ಪಟ್ಟಾಭಿರಾಮನ್ ಕೆಲಕಾಲ ನಡೆಸಿದರೂ ಪತ್ರಿಕೆ ಉಳಿಯಲಿಲ್ಲ. ಅದಕ್ಕೆ ಮತ್ತೆ ಜೀವ ಬಂದದ್ದು ಮದರಾಸಿನಲ್ಲಲ್ಲ, ಇಲ್ಲಿ. 1920ರ ದಶಕದ ನಡುವಿನಲ್ಲಿ ಜಿ. ಅಪ್ಪಾದುರೈ ಅವರ ಸಂಪಾದಕತ್ವದಲ್ಲಿ ಅದು ಕೆಜಿಎಫ್‌ನಿಂದ ಹೊರಟಿತು. ಪಂಡಿತರು ಕಟ್ಟಿದ ಬೌದ್ಧ ಸಂಘದ ಶಾಖೆಗಳು ಮಾರಿಕುಪ್ಪಂ ಮತ್ತು ಚಾಂಪಿಯನ್ ರೀಫ್ಸ್‌ನಲ್ಲಿದ್ದವು. ಗಣಿ ಕಾರ್ಮಿಕರ ಕುಟುಂಬಗಳು ಅದರ ಓದುಗರಾಗಿದ್ದವು. ಪತ್ರಿಕೆ ಓದುಗರಿದ್ದ ಊರಿಗೆ ಬಂದಿತು ಎನ್ನುವುದೇ ಸರಿ.

ಹಾಗಾಗಿ ಮೊದಲ ಕೆಲಸ ಚಂದಾದಾರರ ಪುಸ್ತಕವನ್ನು ಕೈಗೆ ತಂದುಕೊಳ್ಳುವುದು. ಅದು ಸಂಪಾದಕರ ಮನೆಯಲ್ಲೇ ಇರುತ್ತದೆ. ದುಃಖದ ದಿನಗಳು ಕಳೆಯುವವರೆಗೆ ಕಾಯಬೇಕು. ಆದರೆ ವರ್ಷಗಟ್ಟಲೆ ಕಾದರೆ ಕಾಗದಪತ್ರ ಹಳೆ ಪೇಪರಿನವರ ಪಾಲಾಗುತ್ತದೆ. ಮನೆಯವರ ಒಪ್ಪಿಗೆ ಪಡೆದು, ಏನೇನು ತೆಗೆದುಕೊಂಡಿದ್ದೇವೆ ಎಂದು ಬರೆದುಕೊಟ್ಟು ತರುವುದು ಮರ್ಯಾದೆ. ಹಳೆಯ ಸಂಚಿಕೆಗಳು, ಅಚ್ಚಾಗದ ಲೇಖನಗಳು, ಫೋಟೋಗಳು, ಬ್ಯಾಂಕ್ ಪಾಸ್‌ಬುಕ್, ರಸೀದಿ ಪುಸ್ತಕ, ನೋಂದಣಿ ಪತ್ರ, ಕಂಪ್ಯೂಟರ್ ಮತ್ತು ಇಮೇಲ್ ಪಾಸ್‌ವರ್ಡ್ ಎಲ್ಲವೂ ಈ ಪಟ್ಟಿಯಲ್ಲಿ ಸೇರಬೇಕು.

ಎರಡನೆಯದು ಒಡೆತನ. ಪತ್ರಿಕೆ ಸಂಘದ್ದಾಗಿದ್ದರೆ ಕಾರ್ಯಕಾರಿ ಸಮಿತಿಯ ಸಭೆ ಕರೆದು, ಹೊಸ ಸಂಪಾದಕರ ನೇಮಕ ಮತ್ತು ಬ್ಯಾಂಕ್ ಖಾತೆಗೆ ಸಹಿ ಮಾಡುವವರ ಬದಲಾವಣೆಯನ್ನು ನಿರ್ಣಯವಾಗಿ ಬರೆಸಿದರೆ ದಾರಿ ಸುಲಭ. ತೀರಿಕೊಂಡವರ ಹೆಸರಿನಲ್ಲೇ ಮಾಲೀಕತ್ವವಿದ್ದರೆ ಹಕ್ಕು ವಾರಸುದಾರರದ್ದು. ಅವರ ಲಿಖಿತ ಒಪ್ಪಿಗೆ ಇಲ್ಲದೆ ಅದೇ ಹೆಸರಿನಲ್ಲಿ ಒಂದು ಪುಟವನ್ನೂ ಅಚ್ಚು ಹಾಕಬಾರದು. ವಾರಸುದಾರರ ನಡುವೆಯೇ ಮಾತು ಮುರಿದರೆ ಹೆಸರು ಒಬ್ಬರ ಪಾಲಿಗೆ ಉಳಿಯುತ್ತದೆ. 2000ದಲ್ಲಿ ಪಿ. ಲಂಕೇಶ್ ತೀರಿಕೊಂಡ ಮೇಲೆ ಗೌರಿ ಲಂಕೇಶ್ ‘ಲಂಕೇಶ್ ಪತ್ರಿಕೆ’ಯ ಸಂಪಾದಕಿಯಾದರು; 2005ರಲ್ಲಿ ಸಹೋದರನೊಂದಿಗೆ ಭಿನ್ನಾಭಿಪ್ರಾಯ ಬಂದಾಗ ‘ಗೌರಿ ಲಂಕೇಶ್’ ಹೆಸರಿನಲ್ಲಿ ಬೇರೆ ವಾರಪತ್ರಿಕೆಯನ್ನೇ ಹೊರತರಬೇಕಾಯಿತು.

ನೋಂದಣಿಯ ನಿಯಮ ಈಗ ಬದಲಾಗಿದೆ. 1867ರ ಹಳೆಯ ಕಾಯ್ದೆಯ ಬದಲು 2023ರ ಪತ್ರಿಕೆ ಮತ್ತು ನಿಯತಕಾಲಿಕೆಗಳ ನೋಂದಣಿ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಮೊದಲು ಆರ್‌ಎನ್‌ಐ ಎನ್ನುತ್ತಿದ್ದ ಕಚೇರಿ ಈಗ ಪ್ರೆಸ್ ರಿಜಿಸ್ಟ್ರಾರ್ ಜನರಲ್ ಕಚೇರಿಯಾಗಿದ್ದು, ಅರ್ಜಿಗಳೆಲ್ಲ ‘ಪ್ರೆಸ್ ಸೇವಾ’ ಪೋರ್ಟಲ್‌ನಲ್ಲಿ. ಮಾಲೀಕರು ಅಥವಾ ಪ್ರಕಾಶಕರು ಬದಲಾದರೆ ನೋಂದಣಿ ಪತ್ರವನ್ನು ಪರಿಷ್ಕರಿಸಿಕೊಳ್ಳಬೇಕು. ಬಿಟ್ಟು ಬಿಟ್ಟು ಪ್ರಕಟಿಸಿದರೆ ನೋಂದಣಿಯನ್ನು ಅಮಾನತಿನಲ್ಲಿಡುವ ಅಧಿಕಾರ ರಿಜಿಸ್ಟ್ರಾರ್‌ಗೆ ಇರುವುದರಿಂದ ಈ ಕೆಲಸ ತಡಮಾಡುವಂಥದ್ದಲ್ಲ. ಸಾರ್ವಜನಿಕ ಸುದ್ದಿ ಅಥವಾ ಅದರ ಮೇಲಿನ ಅಭಿಪ್ರಾಯ ಇರುವ ನಿಯತಕಾಲಿಕೆಗೆ ಈ ಕಾಯ್ದೆ ಅನ್ವಯಿಸುತ್ತದೆ. ಅಂಚೆ ರಿಯಾಯಿತಿಯ ಪರವಾನಗಿ ಬೇರೆಯದೇ. ಅದರ ಅವಧಿ ಮುಗಿದಿದೆಯೇ ಎಂದು ಅಂಚೆ ಕಚೇರಿಯಲ್ಲಿ ವಿಚಾರಿಸಬೇಕು.

ಇಷ್ಟಾದ ಮೇಲೆ ಓದುಗರಿಗೆ ಪತ್ರ. ಪತ್ರಿಕೆ ನಿಂತ ಕಾರಣ, ಮತ್ತೆ ಬರುವ ತಿಂಗಳು, ಕಟ್ಟಿದ ಚಂದಾ ಏನಾಗುತ್ತದೆ ಎಂಬ ಮೂರು ವಿಷಯ ಅದರಲ್ಲಿ ಸ್ಪಷ್ಟವಾಗಿರಬೇಕು. ಹಳೆಯ ಚಂದಾ ಬಾಕಿಯ ಸಂಚಿಕೆಗಳನ್ನು ಕೊಟ್ಟೇ ತೀರಬೇಕು. ನಷ್ಟವಾದರೂ ಸರಿ, ನಂಬಿಕೆ ಮರಳುವುದು ಅದರಿಂದಲೇ. ಕೆಜಿಎಫ್‌ನಲ್ಲಿ ವಿಳಾಸ ಪರಿಷ್ಕರಣೆ ದೊಡ್ಡ ಕೆಲಸ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಲೈನ್ ಮನೆಗಳಲ್ಲಿದ್ದ ಎಷ್ಟೋ ಕುಟುಂಬಗಳು ಬೆಂಗಳೂರಿನ ಕಡೆಗೆ ಹೋದವು. ಉಳಿದವರಲ್ಲಿ ಅನೇಕರು ಮಾರಿಕುಪ್ಪಂ ರೈಲಿನಲ್ಲಿ ಬಂಗಾರಪೇಟೆ ಮೂಲಕ ದಿನವೂ ಅಲ್ಲಿಗೆ ಕೆಲಸಕ್ಕೆ ಹೋಗಿ ಬರುತ್ತಾರೆ. ಅವರ ಕೈಯಲ್ಲಿ ಕಟ್ಟು ಕೊಟ್ಟು ಕಳಿಸುವುದು ಅಂಚೆಗಿಂತ ಅಗ್ಗ, ಬೇಗ. ತಮಿಳು, ಕನ್ನಡ, ತೆಲುಗು, ಉರ್ದು, ಇಂಗ್ಲಿಷ್ ಕೂಡಿದ ಊರಾದ್ದರಿಂದ ಮಕ್ಕಳ ತಲೆಮಾರು ಯಾವ ಲಿಪಿ ಓದುತ್ತದೆ ಎಂದೂ ಈ ಪತ್ರದಲ್ಲೇ ಕೇಳುವುದು ಒಳ್ಳೆಯದು.

ಸಂಪಾದಕೀಯ ಹೊಣೆಗೆ ಒಂದೇ ಹೆಸರು ಸಾಕು, ಇರಲೇಬೇಕು. ಉಳಿದ ಕೆಲಸಗಳನ್ನು ಹಂಚಬೇಕು: ಚಂದಾ ಲೆಕ್ಕ ಒಬ್ಬರಿಗೆ, ಕರಡು ತಿದ್ದುವುದು ಇನ್ನೊಬ್ಬರಿಗೆ, ಮುದ್ರಣ ಮತ್ತು ವಿತರಣೆ ಮತ್ತೊಬ್ಬರಿಗೆ. ಪಾಸ್‌ವರ್ಡ್ ಮತ್ತು ವಿಳಾಸಪಟ್ಟಿಯ ಪ್ರತಿ ಕನಿಷ್ಠ ಇಬ್ಬರಲ್ಲಿರಲಿ. ಮಾಸಿಕವಾಗಿದ್ದದ್ದನ್ನು ತ್ರೈಮಾಸಿಕ ಮಾಡಲು ಹಿಂಜರಿಯಬೇಕಿಲ್ಲ. ನೋಂದಣಿ ಪತ್ರದಲ್ಲೂ ಅದನ್ನು ತಿದ್ದಿಸಬೇಕಷ್ಟೆ.

ಮೊದಲ ಸಂಚಿಕೆ ಇಡಿಯಾಗಿ ಶ್ರದ್ಧಾಂಜಲಿ ಆಗುವುದು ಸಹಜ, ಆದರೆ ತಪ್ಪು. ನೆನಪಿನ ಸಂಚಿಕೆಗೆ ಎಲ್ಲರೂ ಬರೆಯುತ್ತಾರೆ, ಎರಡನೆಯದಕ್ಕೆ ಯಾರೂ ಇರುವುದಿಲ್ಲ. ಗತಿಸಿದವರಿಗೆ ನಾಲ್ಕು ಪುಟ ಮೀಸಲಿಟ್ಟು, ಅವರ ಅಚ್ಚಾಗದ ಬರಹವಿದ್ದರೆ ಅದನ್ನೂ ಸೇರಿಸಿ, ಉಳಿದ ಪುಟಗಳಲ್ಲಿ ಎಂದಿನ ಅಂಕಣಗಳನ್ನೇ ಮುಂದುವರಿಸಬೇಕು. ಮೂರು ಸಂಚಿಕೆಗೆ ಸಾಲುವ ಬರಹ ಕೈಗೆ ಬರುವವರೆಗೆ ಮೊದಲನೆಯದನ್ನು ಮುದ್ರಣಕ್ಕೆ ಕೊಡದಿರುವುದು ಕ್ಷೇಮ. ಸಂಪುಟದ ಸಂಖ್ಯೆ ಹಳೆಯದನ್ನೇ ಮುಂದುವರಿಸಿ, ನಡುವೆ ಪತ್ರಿಕೆ ಬಾರದ ಅವಧಿಯನ್ನು ಒಳಪುಟದಲ್ಲಿ ನಮೂದಿಸಿದರೆ ಮುಂದೆ ಹುಡುಕುವವರಿಗೆ ಗೊಂದಲವಾಗದು.

ಕೊನೆಯದು ಸಂಗ್ರಹ. ‘ತಮಿಳನ್’ ಸಂಚಿಕೆಗಳನ್ನು ಕೆಲವರು ಕಾಪಾಡಿಕೊಂಡು ಬಂದಿದ್ದರಿಂದಲೇ 1999ರಲ್ಲಿ ಜಿ. ಅಲೋಷಿಯಸ್ ಅಯೋತಿದಾಸರ ಬರಹಗಳನ್ನು ಸಂಪುಟಗಳಾಗಿ ಸಂಪಾದಿಸಲು ಆಯಿತು. ಹಳೆಯ ಸಂಚಿಕೆಗಳನ್ನು ಒಮ್ಮೆ ಪೂರ್ತಿ ಸ್ಕ್ಯಾನ್ ಮಾಡಿಸಿ, ಒಂದು ಕಟ್ಟನ್ನು ಸಂಘದ ಕಚೇರಿಯಲ್ಲೂ ಇನ್ನೊಂದನ್ನು ಬೆಂಗಳೂರಿನ ರಾಜ್ಯ ಕೇಂದ್ರ ಗ್ರಂಥಾಲಯದಲ್ಲೂ ಇಡಿಸುವುದು, ಹೊಸ ಸಂಚಿಕೆ ಬಂದಾಗಲೆಲ್ಲ ಒಂದೊಂದು ಪ್ರತಿ ಅಲ್ಲಿಗೆ ಕಳಿಸುವುದು ವಿತರಣೆಯ ಹೊಣೆ ಹೊತ್ತವರ ಕೆಲಸದ ಪಟ್ಟಿಯಲ್ಲೇ ಇರಬೇಕು.