ಮುಟ್ಟು ನಿಲ್ಲುವ ಕಾಲ ಮತ್ತು ಹಾರ್ಮೋನ್ ಚಿಕಿತ್ಸೆ



ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಊರುಗಳಲ್ಲಿ ಮಂಜು ಕವಿದ ಬೆಳಿಗ್ಗೆ ಎಲ್ಲರೂ ಶಾಲು ಹೊದ್ದಿರುತ್ತಾರೆ. ಅದೇ ಹೊತ್ತಿನಲ್ಲಿ ನಲವತ್ತೇಳರ ತಾಯಿಗೆ ಎದೆಯಿಂದ ಮುಖದವರೆಗೆ ಬಿಸಿ ಏರಿ ಬೆವರಿಳಿಯುತ್ತದೆ. ರಾತ್ರಿ ನಿದ್ದೆಯಿಲ್ಲ, ಬೆಳಗಾದರೆ ಚೆಂಡುಹೂವಿನ ಹೊಲ ಕಾಯುತ್ತಿರುತ್ತದೆ. ಸಿಡುಕಿದರೆ 'ಇವಳಿಗೇನೋ ಆಗಿದೆ' ಎನ್ನುತ್ತಾರೆ. ಆಗಿರುವುದು ಇಷ್ಟೇ: ಅಂಡಾಶಯಗಳಲ್ಲಿ ಈಸ್ಟ್ರೋಜನ್ ಹಾರ್ಮೋನ್ ಕಡಿಮೆಯಾಗುತ್ತಿದೆ. ಹನ್ನೆರಡು ತಿಂಗಳು ಮುಟ್ಟಾಗದಿದ್ದರೆ ಋತುಬಂಧವಾಯಿತೆಂದು ಲೆಕ್ಕ.

ಇದೂ ಒಂದು ಶಿಲುಬೆ ಎಂದು ಸುಮ್ಮನೆ ಹೊರುವವರು ಬಹಳ. ಔಷಧಿಯಿರುವ ನೋವನ್ನು ಹೊರಲೇಬೇಕೆಂದು ಧರ್ಮಸಭೆ ಕೇಳುವುದಿಲ್ಲ. ವೈದ್ಯನನ್ನು ಗೌರವಿಸಬೇಕೆಂದು ಸಿರಾಖನ ಗ್ರಂಥದ 38ನೇ ಅಧ್ಯಾಯ ಹೇಳುತ್ತದೆ. 'ಹಾರ್ಮೋನ್ ಮಾತ್ರೆಯೆಂದರೆ ಧರ್ಮಸಭೆ ಬೇಡವೆಂದ ಮಾತ್ರೆಯಲ್ಲವೇ?' ಎಂಬ ಅಳುಕು ಇನ್ನು ಕೆಲವರದು. ಅಲ್ಲ. ಸಂತಾನ ನಿಯಂತ್ರಣದ ಬಗ್ಗೆ ಪೋಪ್ ಆರನೇ ಪೌಲ್ 1968ರಲ್ಲಿ ಬರೆದ 'ಹ್ಯುಮಾನೆ ವಿಟೆ' ಪತ್ರದ 15ನೇ ಭಾಗವೇ, ದೇಹದ ಕಾಯಿಲೆಗೆ ಬೇಕಾದ ಚಿಕಿತ್ಸೆಯಲ್ಲಿ ತಪ್ಪಿಲ್ಲ ಎನ್ನುತ್ತದೆ. ಇಲ್ಲಿ ಕೊಡುವ ಹಾರ್ಮೋನ್ ಗರ್ಭ ತಡೆಯುವುದಕ್ಕಲ್ಲ, ಬೇಗೆ ತಣಿಸುವುದಕ್ಕೆ.

ಬೇಗೆಗೂ ರಾತ್ರಿಯ ಬೆವರಿಗೂ ಈಸ್ಟ್ರೋಜನ್‌ನಷ್ಟು ಕೆಲಸ ಮಾಡುವ ಔಷಧಿ ಕಡಿಮೆ. ಮೂಳೆಗೂ ಅದು ಬಲ. ಮಾತ್ರೆಯಾಗಿ ನುಂಗಬಹುದು, ಚರ್ಮಕ್ಕೆ ಜೆಲ್ ಹಚ್ಚಬಹುದು. ಗರ್ಭಕೋಶ ಇರುವವರಿಗೆ ಜೊತೆಯಲ್ಲಿ ಪ್ರೊಜೆಸ್ಟರಾನ್ ಕೊಡಲೇಬೇಕು, ಇಲ್ಲವಾದರೆ ಗರ್ಭಕೋಶದ ಒಳಪದರದಲ್ಲಿ ಕ್ಯಾನ್ಸರಿನ ಭಯವುಂಟು. ಒಣಗುವಿಕೆ, ಉರಿ ಮಾತ್ರ ಇದ್ದರೆ ಒಳಗೆ ಹಚ್ಚುವ ಮುಲಾಮು ಸಾಕಾದೀತು.

ಹೆದರಿಕೆ ಹುಟ್ಟಿದ್ದು 2002ರಲ್ಲಿ. ಅಮೆರಿಕದಲ್ಲಿ 16,608 ಮಹಿಳೆಯರ ಮೇಲೆ ನಡೆಯುತ್ತಿದ್ದ ಅಧ್ಯಯನವನ್ನು ನಡುವೆಯೇ ನಿಲ್ಲಿಸಿದರು. ಎರಡೂ ಹಾರ್ಮೋನ್ ತೆಗೆದುಕೊಂಡವರಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೆ ಸುಮಾರು ಎಂಟು ಸ್ತನ ಕ್ಯಾನ್ಸರ್ ಹೆಚ್ಚಿಗೆ ಕಂಡಿತ್ತು. ಆದರೆ ಅವರ ಸರಾಸರಿ ವಯಸ್ಸು 63. ಅರವತ್ತರೊಳಗೆ, ಮುಟ್ಟು ನಿಂತ ಹತ್ತು ವರ್ಷದೊಳಗೆ ಆರಂಭಿಸಿದರೆ ಹೆಚ್ಚಿನವರಿಗೆ ಲಾಭವೇ ಮುಂದು ಎಂಬುದು ಈಗಿನ ತಿಳಿವಳಿಕೆ. ಆದರೂ ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ಹೃದಯಾಘಾತ ಆದವರಿಗೆ, ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರಿಗೆ, ಯಕೃತ್ತಿನ ಕಾಯಿಲೆ ಜೋರಾಗಿರುವವರಿಗೆ ಸಾಮಾನ್ಯವಾಗಿ ಇದು ಬೇಡ. ಅಂಥವರಿಗೆ ಹಾರ್ಮೋನ್ ಅಲ್ಲದ ಮಾತ್ರೆಗಳೂ ಇವೆ. ನೆರೆಮನೆಯಾಕೆಯ ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋಗಬೇಡಿ.

ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಬೇರೆಯದು. 'ಹೇಗೂ ಮಕ್ಕಳಾದವಲ್ಲ, ಗರ್ಭಕೋಶ ತೆಗೆಸಿಬಿಡಿ' ಎಂಬ ಮಾತಿಗೆ ನಮ್ಮ ಬಡ ಕುಟುಂಬಗಳು ಬಲು ಬೇಗ ತಲೆಬಾಗುತ್ತವೆ. ಬೇಕಿಲ್ಲದ ಈ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಯನ್ನು ರಾಜ್ಯಗಳು ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಅಂಡಾಶಯಗಳನ್ನೂ ಜೊತೆಗೆ ತೆಗೆದರೆ ಋತುಬಂಧ ಒಮ್ಮೆಗೇ ಎರಗುತ್ತದೆ. 45ರೊಳಗೆ ಹಾಗಾದವರಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನ್ ತೆಗೆದುಕೊಳ್ಳುವಂತೆ ವೈದ್ಯರು ಹೇಳುತ್ತಾರೆ. ಆಪರೇಷನ್‌ಗೆ ಒಪ್ಪುವ ಮೊದಲು ಇನ್ನೊಬ್ಬ ವೈದ್ಯರನ್ನು ಕೇಳಿ. ಗಂಡಂದಿರೇ, ಆ ದಿನದ ಕೂಲಿ ಹೋದರೂ ಜೊತೆಗೆ ಹೋಗಿ.

ಮುಟ್ಟು ನಿಂತು ವರ್ಷವಾದ ಮೇಲೆ ಒಂದು ತೊಟ್ಟು ರಕ್ತ ಕಂಡರೂ ಹಬ್ಬ, ಸುಗ್ಗಿ ಎಂದು ಮುಂದೂಡದೆ ಆ ವಾರವೇ ತೋರಿಸಿ.