ತಂದೆತಾಯಿಗಳ ಸಾಮಾಯಿಕ

ಉಪವಾಸದ ದಿನಗಳಲ್ಲಿಯೇ ಮಕ್ಕಳು ಹೆಚ್ಚಾಗಿ ಬೈಸಿಕೊಳ್ಳುವರೆಂದರೆ ವಾಚಕರು ನಗಬಹುದು. ಆದರೂ ಇದು ವಿಚಾರಾರ್ಹವಾದ ಸಂಗತಿ. ಚತುರ್ದಶಿಯ ಬೆಳಿಗ್ಗೆ ತಾಯಿ ನಿರಾಹಾರಿ. ಮಗುವಿಗೆ ಬುತ್ತಿ ಕಟ್ಟಬೇಕು, ಜಡೆ ಹೆಣೆಯಬೇಕು, ಶಾಲೆಯ ಬಸ್ಸು ಬರುವುದರೊಳಗೆ ಕಾಣದಾದ ಪುಸ್ತಕವನ್ನು ಹುಡುಕಬೇಕು. ಅತ್ತ ಸಾಮಾಯಿಕಕ್ಕೆ ಕುಳಿತ ತಂದೆ, ಸದ್ದು ಮಾಡಿದ ಮಗನನ್ನು ಆಸನದಿಂದಲೇ ಗದರಿಸುತ್ತಾನೆ. ಅನ್ನವನ್ನು ಬಿಟ್ಟು ಕಷಾಯವನ್ನು ಉಳಿಸಿಕೊಂಡರೆ ಪ್ರೋಷಧಕ್ಕೆ ಅರ್ಥವೇನು?

ಅಮೆರಿಕದ ಜಾನ್ ಕಬಾಟ್-ಜಿನ್ ಎಂಬವರು 1979ರಲ್ಲಿ ಬೌದ್ಧರ ಸ್ಮೃತಿಸಾಧನೆಯನ್ನು ಆಧರಿಸಿ, ಮನಸ್ಸಿನ ಒತ್ತಡವನ್ನು ಶಮನಗೊಳಿಸುವ ಶಿಕ್ಷಣಕ್ರಮವೊಂದನ್ನು ಆರಂಭಿಸಿದರು. 1997ರಲ್ಲಿ ಪತ್ನಿಯೊಡನೆ ಅದನ್ನು ಶಿಶುಪಾಲನೆಗೆ ಅನ್ವಯಿಸಿ ಗ್ರಂಥವನ್ನೂ ಪ್ರಕಟಿಸಿದರು. ಸ್ಮೃತಿಯೆಂಬ ಮಾತು ನಮಗೂ ಹೊಸದಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಸಾಮಾಯಿಕದ ಐದು ಅತಿಚಾರಗಳನ್ನು ಹೇಳುವಾಗ ಸ್ಮೃತ್ಯನುಪಸ್ಥಾನವನ್ನು, ಎಂದರೆ ಮಾಡುತ್ತಿರುವುದರ ನೆನಪು ತಪ್ಪುವುದನ್ನು, ಕೊನೆಯದಾಗಿ ಎಣಿಸಿದ್ದಾರೆ.

ಅದೇ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಅತಿಚಾರಗಳೂ ಇವೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವು ದನಕರುಗಳ ವಿಷಯವೆಂದು ನಾವು ಓದಿ ಮುಂದೆ ಸಾಗುತ್ತೇವೆ. ಮಗುವನ್ನು ಎದುರಿಗಿಟ್ಟುಕೊಂಡು ಮತ್ತೊಮ್ಮೆ ಓದಿರಿ. "ಪಾಠ ಒಪ್ಪಿಸುವ ತನಕ ಊಟವಿಲ್ಲ" ಎಂಬುದು ಅನ್ನಪಾನನಿರೋಧವಲ್ಲದೆ ಮತ್ತೇನು? ಶಾಲೆ, ಮನೆಪಾಠ, ಸಂಗೀತ, ಮತ್ತೆ ಮನೆಪಾಠ ಎಂದು ಎಂಟು ವರ್ಷದ ಕೂಸಿನ ಮೇಲೆ ಹೇರುವುದು ಅತಿಭಾರಾರೋಪಣ. ವಧವೆಂದರೆ ಇಲ್ಲಿ ಕೊಲೆಯಲ್ಲ; ದಂಡ, ಚಾವಟಿ, ಬೆತ್ತಗಳ ಹೊಡೆತವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಬೆತ್ತವೂ ಆ ಸಾಲಿನಲ್ಲಿರುವುದನ್ನು ನನ್ನ ವೃತ್ತಿಬಾಂಧವರು ಗಮನಿಸಬೇಕು.

ಕೋಪವು ಹೊರಬೀಳುವ ಮುನ್ನ ದೇಹದಲ್ಲಿ ಸುಳಿವು ತೋರುತ್ತದೆ. ಹಲ್ಲು ಬಿಗಿಯುತ್ತದೆ, ಉಸಿರು ಗಿಡ್ಡವಾಗುತ್ತದೆ, ಕೈ ಮೇಲೇಳುತ್ತದೆ. ಆ ಸುಳಿವನ್ನು ಅರಿಯುವುದೇ ಸ್ಮೃತಿಯ ಕೆಲಸ. ಆಗ ನಿಂತಲ್ಲಿಯೇ ಮೂರು ಉಚ್ಛ್ವಾಸಗಳಲ್ಲಿ ಒಂದು ಪಂಚನಮಸ್ಕಾರವನ್ನು ಮನದಲ್ಲಿ ಜಪಿಸಬೇಕು. ಒಂಬತ್ತು ಬಾರಿ ಜಪಿಸಿದರೆ 27 ಉಚ್ಛ್ವಾಸಗಳ ಕಾಯೋತ್ಸರ್ಗವಾಯಿತು. ಅದಕ್ಕೆ ಸುಮಾರು ಎರಡು ನಿಮಿಷ ಸಾಕು. ಒಲೆಯ ಮೇಲೆ ಹಾಲು ಉಕ್ಕುತ್ತಿರುವಾಗ ಅಷ್ಟು ಆಗದು, ಮೂರು ಉಸಿರು ಆದೀತು. ಬಳಿಕ ಮಗುವಿಗೆ ಹೇಳಬೇಕಾದುದನ್ನು ಹೇಳಲೇಬೇಕು; ಸಮತೆಯೆಂದರೆ ಶಿಸ್ತನ್ನು ಕೈಬಿಡುವುದಲ್ಲ. ಆದರೆ ಅಂಕಪಟ್ಟಿ ಕಂಡು ಕೆರಳಿದ ತಂದೆ ತನ್ನೊಳಗನ್ನು ಶೋಧಿಸಿದರೆ ಹಲವು ವೇಳೆ ಕ್ರೋಧದ ಕೆಳಗೆ ಮಾನಕಷಾಯವೇ ಸಿಕ್ಕೀತು: ನೆಂಟರ ಮುಂದೆ ಏನು ಹೇಳಲಿ ಎಂಬ ಅಳುಕು!

ಕೈಗೂಸಿನ ತಾಯಿಗೆ 48 ನಿಮಿಷಗಳ ಸಾಮಾಯಿಕವು ಒಬ್ಬಳಿಂದಲೇ ಸಾಗುವ ಮಾತಲ್ಲ. ಸಂಜೆ ಆಕೆ ಕುಳಿತಾಗ ಗಂಡನು ಕೂಸನ್ನು ಎತ್ತಿಕೊಂಡು ಹೊರಗೆ ತಿರುಗಾಡಿಸಲಿ. ಅವನು ಕುಳಿತುಕೊಳ್ಳುವುದು ಆಕೆ ಎದ್ದ ಮೇಲೆ.