ಅಪ್ಪೆಮಿಡಿಯ ಸೊನೆಯೂ ಉಪ್ಪಿನಕಾಯಿಯ ಬಾಳಿಕೆಯೂ

ಸಿದ್ದಾಪುರ ತಾಲ್ಲೂಕಿನ ತ್ಯಾಗಲಿ ಮೊದಲಾದ ಗ್ರಾಮಗಳಲ್ಲಿಯೂ, ಶಿರಸಿ, ಯಲ್ಲಾಪುರ ಸೀಮೆಗಳಲ್ಲಿಯೂ ಅಪ್ಪೆಮಿಡಿಯ ಉಪ್ಪಿನಕಾಯಿ ಇಲ್ಲದ ಮನೆ ವಿರಳ. ಸರಿಯಾಗಿ ಹಾಕಿದ ಮಿಡಿಯು ಎರಡು ಮೂರು ಮಳೆಗಾಲ ಕಳೆದರೂ ಕೆಡುವುದಿಲ್ಲ. ಇದರ ಕಾರಣವನ್ನರಿತರೆ ಹಳ್ಳದ ಅಂಚಿನ ಮರಗಳ ಬೆಲೆಯೂ ತಿಳಿದೀತು.

ಪದಾರ್ಥವನ್ನು ಕೆಡಿಸತಕ್ಕವು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಉಪ್ಪು ಮಿಡಿಯೊಳಗಿನ ನೀರನ್ನು ಹೊರಕ್ಕೆಳೆದು, ಆ ಜೀವಿಗಳಿಗೆ ಬೇಕಾದ ನೀರು ದೊರೆಯದಂತೆ ಮಾಡುವುದು; ಮಿಡಿಯ ಹುಳಿಯು ಇದಕ್ಕೆ ಬೆಂಬಲ. 10 ಕಿಲೋ ಮಿಡಿಗೆ ಕಲ್ಲುಪ್ಪು 2½ ಕಿಲೋಗೆ ಕಡಮೆಯಾಗಕೂಡದು. ಇಷ್ಟಾದರೂ ಗಾಳಿ ತಗಲುವ ಮೇಲ್ಭಾಗದಲ್ಲಿ ಬೂಷ್ಟು ಹಿಡಿಯಬಹುದಾದ್ದರಿಂದ, ಮಿಡಿಗಳು ಸದಾ ರಸದಲ್ಲಿ ಮುಳುಗಿರುವಂತೆ ಭಾರವನ್ನಿಡಬೇಕು.

ಇನ್ನು ಸೊನೆ. ಮಾವಿನ ಸೊನೆಯ ಎಣ್ಣೆಯಂಶದಲ್ಲಿ ಟರ್ಪೀನುಗಳೆಂಬ ಸುವಾಸನಾದ್ರವ್ಯಗಳಿದ್ದು, ಅವು ಅನೇಕ ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ತಡೆಯುತ್ತವೆ. ಜೀರಿಗೆ ಅಪ್ಪೆ, ಕರ್ಪೂರದ ಅಪ್ಪೆ ಎಂದು ಪರಿಮಳದಿಂದ ನಾವು ಮರಗಳನ್ನು ಗುರುತಿಸುವುದೂ ಇವುಗಳ ದೆಸೆಯಿಂದಲೇ. ತೊಟ್ಟು ಕಳಚಿದೊಡನೆ ಸೊನೆ ಚಿಮ್ಮಿ ಹೋಗುವುದರಿಂದ ಒಂದು ಅಂಗುಲ ತೊಟ್ಟನ್ನುಳಿಸಿ ಕೊಯ್ಯತಕ್ಕದ್ದು. ನೆಲಕ್ಕೆ ಬಿದ್ದು ಪೆಟ್ಟಾದ ಒಂದು ಮಿಡಿಯು ಇಡೀ ಭರಣಿಯನ್ನು ಕೆಡಿಸುವುದೆಂದು ಹಿರಿಯ ಗೃಹಿಣಿಯರು ಹೇಳುವುದು ಸುಮ್ಮನಲ್ಲ.

ಸಾಸಿವೆಯ ಇಡಿಯ ಕಾಳಿನಲ್ಲಿ ಘಾಟಿಲ್ಲ. ಅರೆದು ನೀರು ತಗಲಿದಾಗ ಕಾಳಿನಲ್ಲಿಯೇ ಇರುವ ಕಿಣ್ವವೊಂದು ಮತ್ತೊಂದು ದ್ರವ್ಯವನ್ನೊಡೆದು ಮೂಗಿಗೇರುವ ತೈಲವನ್ನು ಉಂಟುಮಾಡುವುದು. ಬೂಷ್ಟಿಗೆ ಇದು ಪ್ರಬಲ ಶತ್ರು. ಕಿಣ್ವವು ಬಿಸಿಗೆ ನಾಶವಾಗುವುದಾದಕಾರಣ, ಕುದಿಸಿದ ಉಪ್ಪುನೀರು ಪೂರ್ಣವಾಗಿ ಆರಿದ ಮೇಲೆಯೇ ಅದರಲ್ಲಿ ಸಾಸಿವೆಯನ್ನು ಅರೆಯಬೇಕು. ಕಾಳನ್ನು ಕೆಂಪಗೆ ಹುರಿದರೂ ಅದೇ ನಷ್ಟ. ಅರಿಸಿನದ ಸತ್ತ್ವವಾದರೋ ನೀರಿನಲ್ಲಿ ಹೆಚ್ಚು ಕರಗದು. ಬಣ್ಣಕ್ಕೆ ಸಾಕು, ಬಾಳಿಕೆಗೆ ಅದನ್ನೇ ನೆಚ್ಚಬಾರದು.

ಮಿಡಿಗೆ ಬೆಲೆ ಬಂದಂತೆಲ್ಲ ಕೊಂಬೆಗಳನ್ನೇ ಕಡಿದು ಕೆಡಹುವ ಕೊಯ್ಲುಗಾರರು ಕಾಣಿಸಿಕೊಂಡಿದ್ದಾರೆ. ಕಡಿದ ಕೊಂಬೆಯು ಮುಂದಿನ ವರ್ಷ ಫಲ ಕೊಡದು. ಎಳೆಯದರಲ್ಲಿಯೇ ಎಲ್ಲವನ್ನೂ ಕೊಯ್ದರೆ ಗೊರಟು ಬಲಿಯದೆ ಸಸಿಯೂ ಹುಟ್ಟದು. ಹುಟ್ಟಿದ ಸಸಿಯು ತಾಯಿಮರದ ಗುಣವನ್ನೇ ತರುವುದೆಂಬ ಭರವಸೆಯೂ ಇಲ್ಲ. ಆದ್ದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ ಕೊಯ್ಲನ್ನು ಗುತ್ತಿಗೆ ಕೊಡುವಾಗ, ಕೊಂಬೆ ಕಡಿಯಕೂಡದೆಂದು ಕರಾರಿನಲ್ಲಿ ಬರೆಯಿಸತಕ್ಕದ್ದು. ಉತ್ತಮ ಮರದ ಕುಡಿಯನ್ನು ಕಾಟುಮಾವಿನ ಸಸಿಗೆ ಕಸಿ ಕಟ್ಟಿಸಿ ತೋಟದಂಚಿನಲ್ಲಿ ನೆಡಿಸುವುದೂ ಅವಶ್ಯವೇ. ಕುಡಿಯನ್ನು ಆಯುವಾಗ ಫಸಲಿನ ಸಮೃದ್ಧಿಗೆ ಮರುಳಾಗದೆ, ಎರಡು ವರ್ಷ ಉಪ್ಪಿನಲ್ಲಿದ್ದೂ ಮೆತ್ತಗಾಗದ ಮಿಡಿಯ ಮರವನ್ನೇ ಆರಿಸಬೇಕು.